ಊರಿನ ಕೆಳಗೆ ಅಡಗಿದ ಸ್ತರಭಂಗ



ಕೆಲವು ತಿಂಗಳ ಹಿಂದೆ ನಾವು ಪ್ರಸಾರ ಮಾಡಿದ ಭೂಕಂಪ ಕುರಿತ ಕಾರ್ಯಕ್ರಮವನ್ನು ನೋಡಿದ ಶಾಲಾ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದರು. ಕಾರ್ಯಕ್ರಮ ಚೆನ್ನಾಗಿತ್ತು ಎಂದು ಒಂದು ಸಾಲು, ಆಮೇಲೆ ಒಂದು ಪ್ರಶ್ನೆ. "ನೀವು ತೋರಿಸಿದ ಸ್ತರಭಂಗ ವಿಮಾನದಿಂದಲೇ ಕಾಣುವಷ್ಟು ದೊಡ್ಡದು. ಅದನ್ನು ಕಂಡುಹಿಡಿಯಲು ವಿಜ್ಞಾನಿ ಯಾಕೆ ಬೇಕು? ನೆಲದ ಮೇಲೆ ಗುರುತೇ ಇಲ್ಲದ್ದನ್ನು, ಅದರಲ್ಲೂ ಮನೆ, ರಸ್ತೆ, ಅಂಗಡಿಗಳು ಕಿಕ್ಕಿರಿದ ಪಟ್ಟಣದ ಕೆಳಗಿರುವುದನ್ನು, ಹೇಗೆ ಕಂಡುಹಿಡಿಯುತ್ತಾರೆ ಎಂದು ನನ್ನ ತರಗತಿಯ ಮಕ್ಕಳು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ."

ಪತ್ರ ಓದಿ ನನಗೆ ಸ್ವಲ್ಪ ನಾಚಿಕೆಯೇ ಆಯಿತು. ಆ ಕಾರ್ಯಕ್ರಮದ ನಿರ್ಮಾಪಕ ನಾನೇ. ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಚಿತ್ರಗಳು ಸಿಕ್ಕಿದ್ದವು. ಬಯಲಿನಲ್ಲಿ ನೇಗಿಲು ಎಳೆದಂತೆ ಉದ್ದಕ್ಕೆ ಹೋಗುವ ಆ ಗೆರೆ ಪರದೆಯ ಮೇಲೆ ಬಹಳ ಸೊಗಸಾಗಿ ಕಾಣುತ್ತದೆ. ಹಾಕಿಬಿಟ್ಟೆ. ಕ್ಯಾಮೆರಾ ನಂಬಿ ಬದುಕುವವರ ದೌರ್ಬಲ್ಯವೇ ಇದು. ಕಾಣುವುದನ್ನು ತೋರಿಸುತ್ತೇವೆ, ಕಾಣದೇ ಇರುವುದು ಇಲ್ಲವೇ ಇಲ್ಲವೆಂಬ ಭಾವನೆಯನ್ನು ನೋಡುವವರ ಮನಸ್ಸಿನಲ್ಲಿ ಉಳಿಸುತ್ತೇವೆ. ಪಟ್ಟಣಗಳನ್ನು ಕೆಡವಿದ ಎಷ್ಟೋ ಭೂಕಂಪಗಳು ಅದಕ್ಕೆ ಮುಂಚೆ ಯಾರ ಕಣ್ಣಿಗೂ ಬೀಳದಿದ್ದ ಸ್ತರಭಂಗಗಳಿಂದ ಹುಟ್ಟಿದವು. ಇಂದಿನ ಈ ಭಾಷಣ ಆ ಶಿಕ್ಷಕಿಯವರಿಗೂ ಅವರ ಮಕ್ಕಳಿಗೂ ತಡವಾಗಿ ಕೊಡುತ್ತಿರುವ ಉತ್ತರ.

ಮಕ್ಕಳ ಆ ಪ್ರಶ್ನೆ ನನ್ನದೂ ಆಗಿತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ ಇದ್ದಾಗ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಆಗ ನಾನು ಗುಲಬರ್ಗಾ ಜಿಲ್ಲೆಯ ಆಳಂದದಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ. ಹಿಂದಿನ ರಾತ್ರಿಯಷ್ಟೇ ಗಣಪತಿ ಬಿಟ್ಟು ಬಂದು ಮಲಗಿದ್ದೆವು. "ಏಳ್ರೋ, ನೆಲ ಅಳ್ಳಾಡ್ಲಿಕತ್ತದ, ಹೊರಗ ನಡೀರಿ" ಎಂದು ಅವ್ವ ನಮ್ಮನ್ನು ಎಳೆದುಕೊಂಡು ಓಡಿದ್ದು, ಅಡುಗೆಮನೆಯ ಹಿತ್ತಾಳೆ ಪಾತ್ರೆಗಳು ಒಂದಕ್ಕೊಂದು ತಾಗಿ ಗಲಗಲ ಎಂದದ್ದು ಇಂದಿಗೂ ಕಿವಿಯಲ್ಲಿದೆ. ನಮ್ಮ ಮನೆಗೆ ಏನೂ ಆಗಲಿಲ್ಲ. ಗಡಿಯಾಚೆ ದಪ್ಪ ಕಲ್ಲುಗೋಡೆಯ, ಮಣ್ಣು ಮಾಳಿಗೆಯ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದು ಹತ್ತು ಸಾವಿರದಷ್ಟು ಜನ ಸತ್ತರು. ದೇಶದ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಆಗ ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 300 ಮೀಟರಿಗೂ ದಪ್ಪನಾದ ಕರಿಕಲ್ಲಿನ ಹಾಸು ಕೆಳಗಿದ್ದುದನ್ನೆಲ್ಲ ಮುಚ್ಚಿಟ್ಟಿತ್ತು. ಮುಂದೆ 2002ರಲ್ಲಿ ನಕ್ಷೆಯನ್ನು ತಿದ್ದಿದಾಗ ಒಂದನೆಯ ವಲಯವೆಂಬುದನ್ನೇ ತೆಗೆದುಹಾಕಿದರು. "ಮೊದಲ ಯಾಕ ಗೊತ್ತಾಗ್ಲಿಲ್ರಿ ಅಪ್ಪಾ?" ಎಂದು ಅಂದು ನಾನು ಕೇಳಿದ್ದಕ್ಕೆ ಅಪ್ಪನ ಬಳಿ ಉತ್ತರವಿರಲಿಲ್ಲ.

ಸ್ತರಭಂಗ ಎಂದರೆ ಭೂಮಿಯ ಶಿಲೆಯಲ್ಲಿ ಆಗಿರುವ ಒಂದು ಸೀಳು. ಸೀಳಿನ ಎರಡು ಬದಿಯ ಬಂಡೆಗಳೂ ಒಂದನ್ನೊಂದು ಒತ್ತುತ್ತಾ, ಅಂಟಿಕೊಂಡಂತೆ ಕುಳಿತಿರುತ್ತವೆ. ನೂರಾರು, ಸಾವಿರಾರು ವರ್ಷ ಒತ್ತಡ ಕೂಡುತ್ತಾ ಹೋಗಿ, ಒಂದು ದಿನ ತಡೆಯಲಾರದೆ ಕೆಲವೇ ಸೆಕೆಂಡುಗಳಲ್ಲಿ ಸರಕ್ಕನೆ ಜಾರುತ್ತವೆ. ಆ ಜಾರುವಿಕೆಯಿಂದ ಹೊರಡುವ ಅಲೆಗಳೇ ಭೂಕಂಪ. ಸಿನಿಮಾದಲ್ಲಿ ತೋರಿಸುವಂತೆ ಭೂಮಿ ಬಾಯಿಬಿಟ್ಟು ಮನುಷ್ಯರನ್ನು ನುಂಗುವುದಿಲ್ಲ. ಕೆಲವು ಸ್ತರಭಂಗಗಳು ನೆಲದವರೆಗೂ ಸೀಳಿಕೊಂಡು ಬರುತ್ತವೆ. ಅವು ಬೇಲಿಯನ್ನು, ರಸ್ತೆಯನ್ನು, ಹಳ್ಳದ ಹರಿವನ್ನು ಪಕ್ಕಕ್ಕೆ ಸರಿಸಿ ಗುರುತು ಬಿಡುತ್ತವೆ. ಇನ್ನು ಕೆಲವು ಕೆಲವೇ ಕಿಲೋಮೀಟರ್ ಆಳದಲ್ಲಿ ನಿಂತುಬಿಡುತ್ತವೆ. ಜಮಖಾನವನ್ನು ಒಂದು ಕಡೆಯಿಂದ ನೂಕಿ ನೋಡಿ. ಜಮಖಾನ ಹರಿಯುವುದಿಲ್ಲ, ನಡುವೆ ಸುಕ್ಕು ಏಳುತ್ತದೆ. ಹಾಗೆಯೇ ಕೆಳಗಿನ ಗಟ್ಟಿ ಬಂಡೆ ಸೀಳಿ ಒಂದರ ಮೇಲೊಂದು ಹತ್ತಿದರೂ ಮೇಲಿನ ಮೆತ್ತನೆಯ ಪದರಗಳು ಹರಿಯದೆ ಬಾಗುತ್ತವೆ. ಇಂಥದ್ದನ್ನು ವಿಜ್ಞಾನಿಗಳು 'ಕುರುಡು ಸ್ತರಭಂಗ' ಎನ್ನುತ್ತಾರೆ. ಹೆಸರು ಸ್ವಲ್ಪ ತಪ್ಪೆಂದೇ ನನ್ನ ಅಭಿಪ್ರಾಯ. ಕಾಣದಿರುವುದು ಅದಕ್ಕಲ್ಲ, ನಮಗೆ.

ಈ ಬೇಟೆಯ ಕಥೆಯನ್ನು ಹೇಳಲು ನಾನು ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಆರಿಸಿಕೊಂಡಿದ್ದೇನೆ. ಅಡಗಿದ ಸ್ತರಭಂಗ ಒಂದು ಮಹಾನಗರದಲ್ಲಿ ಏನು ಮಾಡಬಲ್ಲದು, ಅದನ್ನು ಎಷ್ಟು ಬಗೆಯಲ್ಲಿ ಹುಡುಕಬಹುದು ಎಂಬೆರಡೂ ಅಲ್ಲಿ ಚೆನ್ನಾಗಿ ದಾಖಲಾಗಿವೆ.

1994ರ ಜನವರಿ 17. ಬೆಳಗಿನ ಜಾವ ನಾಲ್ಕೂವರೆ ಗಂಟೆ. ಅಂದು ಮಾರ್ಟಿನ್ ಲೂಥರ್ ಕಿಂಗ್ ನೆನಪಿನ ರಜಾ ದಿನ, ಹೆದ್ದಾರಿಗಳು ಬಹುಮಟ್ಟಿಗೆ ಖಾಲಿ. ನಗರದ ವಾಯವ್ಯ ಭಾಗದ ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ 6.7 ಪ್ರಮಾಣದ ಭೂಕಂಪವಾಯಿತು. ಕೇಂದ್ರ ಇದ್ದದ್ದು ರೆಸೀಡಾ ಎಂಬ ಬಡಾವಣೆಯ ಕೆಳಗೆ. ಮೊದಲ ಸುದ್ದಿಯಲ್ಲಿ ಪಕ್ಕದ ನಾರ್ತ್‌ರಿಡ್ಜ್ ಹೆಸರು ಬಂದು ಅದೇ ಉಳಿಯಿತು. ಸುಮಾರು 60 ಜನ ಸತ್ತರು, ಸಾವಿರಾರು ಜನ ಗಾಯಗೊಂಡರು, ಹೆದ್ದಾರಿಯ ಮೇಲುಸೇತುವೆಗಳು ಮುರಿದುಬಿದ್ದವು. ನಷ್ಟ 2000 ಕೋಟಿ ಡಾಲರಿಗೂ ಹೆಚ್ಚು. ಅದೇ ಕಂಪನ ಕೆಲಸದ ದಿನ ಬೆಳಿಗ್ಗೆ ಎಂಟೂವರೆಗೆ ಆಗಿದ್ದರೆ ಆ ಸೇತುವೆಗಳ ಮೇಲೂ ಕೆಳಗೂ ಎಷ್ಟು ವಾಹನಗಳಿರುತ್ತಿದ್ದವು ಎಂಬುದನ್ನು ತಾವೇ ಊಹಿಸಬಹುದು.

ಬೆಳಕು ಹರಿಯುತ್ತಲೇ ಭೂವಿಜ್ಞಾನಿಗಳು ಬಿರುಕು ಹುಡುಕುತ್ತಾ ಹೊರಟರು. ಜಗತ್ತಿನಲ್ಲಿಯೇ ಅತಿ ಹೆಚ್ಚು ಪರಿಶೀಲನೆಗೆ ಒಳಗಾದ ನೆಲಗಳಲ್ಲಿ ಅದೊಂದು. ಆದರೂ ಈ ಭೂಕಂಪಕ್ಕೆ ಕಾರಣವಾದ ಸೀಳು ನೆಲದ ಮೇಲೆ ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಅದರ ಆಕಾರವನ್ನು ತೋರಿಸಿಕೊಟ್ಟವು ಮುಖ್ಯ ಕಂಪನದ ನಂತರ ಬಂದ ಸಾವಿರಾರು ಚಿಕ್ಕ ಕಂಪನಗಳು. ಪ್ರತಿಯೊಂದು ಎಲ್ಲಿ, ಎಷ್ಟು ಆಳದಲ್ಲಿ ಆಯಿತೆಂದು ಲೆಕ್ಕ ಹಾಕಿ ಚುಕ್ಕೆಯಿಟ್ಟಾಗ, ಚುಕ್ಕೆಗಳು ಸೇರಿ ಒಂದು ಇಳಿಜಾರು ಹಲಗೆಯಂತೆ ಕಂಡವು. ದಕ್ಷಿಣದಲ್ಲಿ ಸುಮಾರು 18 ಕಿಲೋಮೀಟರ್ ಆಳದಿಂದ ಹೊರಟು ಉತ್ತರದ ಬೆಟ್ಟಗಳ ಕಡೆಗೆ ಏರುತ್ತಾ ಬಂದು, ನೆಲಕ್ಕೆ ಇನ್ನೂ ಹಲವು ಕಿಲೋಮೀಟರ್ ಇರುವಾಗಲೇ ನಿಂತ ಹಲಗೆ. ಸ್ಯಾಂಟಾ ಸುಸಾನಾ ಬೆಟ್ಟಸಾಲು ಆ ಕೆಲವು ಸೆಕೆಂಡುಗಳಲ್ಲಿ ಸುಮಾರು 40 ಸೆಂಟಿಮೀಟರ್ ಮೇಲೆದ್ದಿತ್ತು. ಸ್ತರಭಂಗ ಸಿಕ್ಕಿತು ನಿಜ. ಆದರೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಇಲ್ಲಿ ಕಾನೂನಿನ ವಿಷಯ ಒಂದನ್ನು ಹೇಳಲೇಬೇಕು. ಅದೇ ಕಣಿವೆಯಲ್ಲಿ 1971ರ ಫೆಬ್ರವರಿಯಲ್ಲಿಯೂ ದೊಡ್ಡ ಭೂಕಂಪವಾಗಿತ್ತು. ಆಗ ನೆಲ ಸೀಳಿದ ಜಾಗದಲ್ಲಿದ್ದ ಮನೆಗಳು ಹಾಳಾದದ್ದನ್ನು ಕಂಡು ಮರುವರ್ಷ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾನೂನು ಮಾಡಿತು. ಅದರ ಪ್ರಕಾರ ಸಕ್ರಿಯ ಸ್ತರಭಂಗದ ಮೇಲೆ ಮನೆ ಕಟ್ಟುವ ಹಾಗಿಲ್ಲ. ಸಾಮಾನ್ಯವಾಗಿ 50 ಅಡಿ ದೂರ ಬಿಡಬೇಕು. ಸಕ್ರಿಯವೆಂದರೆ ಕಳೆದ ಸುಮಾರು 11,000 ವರ್ಷಗಳಲ್ಲಿ ಜಾರಿದ್ದು. ಒಳ್ಳೆಯ ಕಾನೂನೇ. ಆದರೆ ಅದು ನೋಡುವುದು ನೆಲದವರೆಗೆ ಸೀಳಿ ಬಂದ ಸ್ತರಭಂಗಗಳನ್ನು ಮಾತ್ರ. ನಾರ್ತ್‌ರಿಡ್ಜ್ ಕೆಳಗಿದ್ದುದು ಆ ಕಾನೂನಿನ ನಕ್ಷೆಯಲ್ಲಿ ಬರುವುದು ಸಾಧ್ಯವೇ ಇರಲಿಲ್ಲ.

ಹಾಗಾದರೆ ಭೂಕಂಪವಾಗುವ ಮೊದಲೇ ಹುಡುಕುವುದು ಹೇಗೆ? ಲಾಸ್ ಏಂಜಲೀಸಿನಲ್ಲಿ ಸುಳಿವು ನೂರು ವರ್ಷದಿಂದ ಕಣ್ಣೆದುರಿಗೇ ಇತ್ತು. ಅದು ಎಣ್ಣೆಯ ಊರು. 1892ರಲ್ಲಿ ಎಡ್ವರ್ಡ್ ಡೋಹೆನಿ ಎಂಬಾತ ಇಂದಿನ ನಗರದ ನಡುಭಾಗಕ್ಕೆ ಹತ್ತಿರದಲ್ಲೇ ಬಾವಿ ತೋಡಿ ಕಲ್ಲೆಣ್ಣೆ ಕಂಡ. ಆಮೇಲೆ ಇಡೀ ಬಯಲಿನಲ್ಲಿ ಬಾವಿಗಳೆದ್ದವು. ಎಣ್ಣೆ ನೀರಿಗಿಂತ ಹಗುರ. ಅದು ಮೇಲಕ್ಕೆ ಜಿನುಗುತ್ತಾ ಹೋಗಿ, ಕವುಚಿಟ್ಟ ಬಟ್ಟಲಿನಂತೆ ಬಾಗಿದ ಪದರಗಳ ಕೆಳಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಎಣ್ಣೆ ಕಂಪನಿಗಳು ಹುಡುಕುತ್ತಿದ್ದುದೇ ಪದರಗಳು ಬಾಗಿದ ಜಾಗಗಳನ್ನು. ಪದರ ಬಾಗಿದ್ದು ಯಾಕೆ ಎಂದು ಕೇಳುವ ಅಗತ್ಯ ಅವರಿಗೆ ಇರಲಿಲ್ಲ. ಜಮಖಾನದ ಸುಕ್ಕಿನಲ್ಲಿ ಸಿಕ್ಕ ನಾಣ್ಯವನ್ನು ಎತ್ತಿಕೊಂಡರು. ಜಮಖಾನವನ್ನು ನೂಕುತ್ತಿರುವುದು ಯಾರೆಂದು ತಿರುಗಿ ನೋಡಲಿಲ್ಲ.

ನೂಕುತ್ತಿರುವುದು ಪೆಸಿಫಿಕ್ ಭೂಫಲಕ. ಅದಕ್ಕೂ ಉತ್ತರ ಅಮೆರಿಕದ ಫಲಕಕ್ಕೂ ನಡುವೆ ಇರುವ ಮುಖ್ಯ ಗಡಿ ಸ್ಯಾನ್ ಆಂಡ್ರಿಯಾಸ್. ಲಾಸ್ ಏಂಜಲೀಸಿನ ಉತ್ತರಕ್ಕೆ ಆ ಗಡಿ ದೊಡ್ಡದಾಗಿ ಬಾಗುತ್ತದೆ. ನೇರ ದಾರಿಯಲ್ಲಿ ಪಕ್ಕಪಕ್ಕಕ್ಕೆ ಸರಿದುಹೋಗಬೇಕಾದ ಫಲಕಗಳು ಆ ತಿರುವಿನಲ್ಲಿ ಒಂದನ್ನೊಂದು ಅದುಮುತ್ತವೆ. ಅದುಮಿದಾಗ ನಡುವೆ ಸಿಕ್ಕ ನೆಲ ಕುಗ್ಗಬೇಕು, ಇಲ್ಲವೇ ಮೇಲೇಳಬೇಕು. ಹೀಗೆ ಬಾಗಿದ ಪದರದ ಆಕಾರದಿಂದಲೇ ಕೆಳಗಿನ ಸೀಳಿನ ಆಕಾರವನ್ನು ಲೆಕ್ಕ ಹಾಕಬಹುದೆಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾನ್ ಸಪ್ಪಿ 1983ರಲ್ಲಿ ರೇಖಾಗಣಿತದ ಮೂಲಕ ತೋರಿಸಿದ್ದರು.

ಪದರಗಳನ್ನು ನೋಡುವ ವಿಧಾನ ನಮಗೆ ಹೊಸದೇನಲ್ಲ. ಹಲಸಿನಕಾಯಿಯನ್ನು ತಟ್ಟಿ, ಸದ್ದು ಕೇಳಿ, ಹಣ್ಣಾಗಿದೆಯೋ ಇಲ್ಲವೋ ಹೇಳುವವರು ನಮ್ಮ ಸಂತೆಗಳಲ್ಲಿ ಇದ್ದಾರಲ್ಲ, ಅದೇ ಕೆಲಸ. ಇಲ್ಲಿ ತಟ್ಟುವುದಕ್ಕೆ ಭಾರೀ ಲಾರಿಗಳಿವೆ. ಲಾರಿ ತನ್ನ ಹೊಟ್ಟೆಯ ಕೆಳಗಿನ ಉಕ್ಕಿನ ಹಲಗೆಯನ್ನು ರಸ್ತೆಗೆ ಒತ್ತಿ ಕೆಲವು ಸೆಕೆಂಡು ಗಡಗಡ ನಡುಗಿಸುತ್ತದೆ. ಆ ಕಂಪನ ಕೆಳಗಿಳಿದು, ಪ್ರತಿ ಪದರದಿಂದಲೂ ಒಂದಿಷ್ಟು ಮಾರ್ದನಿಯಾಗಿ ಹಿಂದಿರುಗುತ್ತದೆ. ರಸ್ತೆಯುದ್ದಕ್ಕೂ ಸಾಲಾಗಿ ನೆಟ್ಟ ನೂರಾರು ಪುಟ್ಟ ಗ್ರಾಹಕಗಳು ಅದನ್ನು ಹಿಡಿದುಕೊಳ್ಳುತ್ತವೆ. ಮಾರ್ದನಿ ಬರಲು ಹಿಡಿದ ಸಮಯದಿಂದ ಆಳ ತಿಳಿಯುತ್ತದೆ. ಕಾಡಿನಲ್ಲಿ ಇದು ಸುಲಭ. ಪಟ್ಟಣದಲ್ಲಿ ಬಸ್ಸು, ರೈಲು, ಕಾರ್ಖಾನೆ, ನೆಲದಡಿಯ ಕೊಳವೆ ಎಲ್ಲವೂ ಸದ್ದು ಮಾಡುತ್ತಿರುತ್ತವೆ. ಜಾತ್ರೆಯ ನಡುವೆ ನಿಂತು ಗಡಿಯಾರದ ಟಿಕ್ ಟಿಕ್ ಕೇಳಿಸಿಕೊಂಡ ಹಾಗೆ. ಹೊಸದಾಗಿ ಅಳೆಯಲು ಖರ್ಚೂ ಅಪಾರ, ಅನುಮತಿಯ ತಾಪತ್ರಯವೂ ಅಪಾರ.

ಹಾರ್ವರ್ಡ್ ವಿಶ್ವವಿದ್ಯಾಲಯದ ಜಾನ್ ಶಾ, ಸಾಗರವಿಜ್ಞಾನಕ್ಕೆ ಹೆಸರಾದ ಸ್ಕ್ರಿಪ್ಸ್ ಸಂಸ್ಥೆಯ ಪೀಟರ್ ಶಿಯರರ್ ಇಬ್ಬರೂ ಬಳಸಿಕೊಂಡದ್ದು ಎಣ್ಣೆ ಕಂಪನಿಗಳು ಹಿಂದೆ ತಮ್ಮ ಉಪಯೋಗಕ್ಕೆ ಮಾಡಿಟ್ಟುಕೊಂಡಿದ್ದ ಇಂಥ ಅಳತೆಗಳನ್ನು. ಅವುಗಳಲ್ಲಿ ಸುಮಾರು 3 ಕಿಲೋಮೀಟರ್ ಆಳದಿಂದ ಶುರುವಾಗಿ ಉತ್ತರಕ್ಕೆ ಓರೆಯಾಗಿ ಇಳಿಯುವ ಒಂದು ಸೀಳಿನ ಮೇಲ್ತುದಿ ಕಾಣುತ್ತಿತ್ತು. ಆದರೆ ಅದು ಜೀವಂತ ಸೀಳೋ, ಲಕ್ಷಾಂತರ ವರ್ಷಗಳ ಹಿಂದೆಯೇ ಸತ್ತ ಸೀಳೋ? ಇದಕ್ಕೆ ಅವರು 1987ರ ಅಕ್ಟೋಬರ್ 1ರಂದು ನಗರದ ಪೂರ್ವಭಾಗದ ವಿಟ್ಟಿಯರ್ ನ್ಯಾರೋಸ್‌ನಲ್ಲಿ ಆಗಿದ್ದ 5.9 ಪ್ರಮಾಣದ ಭೂಕಂಪದ ದಾಖಲೆಗಳನ್ನು ಮತ್ತೆ ತೆಗೆದರು. ಅದರಲ್ಲಿ ಎಂಟು ಜನ ಸತ್ತಿದ್ದರು. ಆ ಕಂಪನಕ್ಕೆ ಬೇರೊಂದು ಸ್ತರಭಂಗ ಕಾರಣವೆಂದು ಅಲ್ಲಿಯವರೆಗೆ ತಿಳಿದಿದ್ದರು. ಕೇಂದ್ರಬಿಂದುಗಳನ್ನು ಹೆಚ್ಚು ನಿಖರವಾಗಿ ಲೆಕ್ಕಹಾಕಿ, ಎಣ್ಣೆಯವರ ನಕ್ಷೆಯ ಓರೆಗೆರೆಯನ್ನು ಅದೇ ಇಳಿಜಾರಿನಲ್ಲಿ ಕೆಳಕ್ಕೆ ಎಳೆದುಕೊಂಡು ಹೋದಾಗ, ಗೆರೆ ನೇರವಾಗಿ ಹೋಗಿ ಆ ಚುಕ್ಕೆಗಳನ್ನು ಮುಟ್ಟಿತು. ಸೀಳು ಜೀವಂತವಾಗಿತ್ತು. 1999ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅದೇ ಪುವೆಂಟೆ ಹಿಲ್ಸ್ ಸ್ತರಭಂಗ. ಸುಮಾರು 40 ಕಿಲೋಮೀಟರ್ ಉದ್ದ, ಗಗನಚುಂಬಿ ಕಟ್ಟಡಗಳಿರುವ ನಗರದ ಹೃದಯಭಾಗದ ಕೆಳಗೇ ಹಾದುಹೋಗುತ್ತದೆ.

ಎರಡು ಹಳೆಯ ಕಡತಗಳು, ಎರಡು ಬೇರೆ ಬೇರೆ ಉದ್ದೇಶಕ್ಕೆ ಬರೆದಿಟ್ಟವು. ಒಂದನ್ನು ಎಣ್ಣೆಗಾಗಿ, ಇನ್ನೊಂದನ್ನು ಭೂಕಂಪದ ದಾಖಲೆಗಾಗಿ. ಎರಡನ್ನೂ ಒಂದೇ ಮೇಜಿನ ಮೇಲೆ ಬಿಡಿಸಿಟ್ಟದ್ದೇ ಇಲ್ಲಿ ನಡೆದ ದೊಡ್ಡ ಕೆಲಸ. ಸರ್ಕಾರಿ ಕಚೇರಿಗಳ ಕಡತಗಳನ್ನು ಕಂಡ ನನ್ನಂಥವನಿಗೆ ಇದರ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಂದು ಪ್ರಶ್ನೆ ಉಳಿಯಿತು. ಈ ಸೀಳಿನಿಂದ ದೊಡ್ಡ ಭೂಕಂಪ ಎಂದಾದರೂ ಬಂದಿತ್ತೇ? ನೆಲದವರೆಗೆ ಬಂದ ಸ್ತರಭಂಗವಾದರೆ ಅಡ್ಡಕ್ಕೆ ಕಂದಕ ತೋಡಿ, ಗೋಡೆಯಲ್ಲಿ ಮುರಿದ ಪದರಗಳನ್ನು ಎಣಿಸಿ ಹೇಳಬಹುದು. ಮೂರು ಕಿಲೋಮೀಟರ್ ಆಳಕ್ಕೆ ಕಂದಕ ತೋಡುವವರಾರು? ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಡೋಲನ್ ಮತ್ತು ಅವರ ಸಂಗಡಿಗರು ಬೇರೊಂದು ಉಪಾಯ ಹುಡುಕಿದರು. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಮೆಚ್ಚುಗೆಯಾದ ಭಾಗ ಇದೇ.

ಪ್ರತಿ ದೊಡ್ಡ ಭೂಕಂಪದಲ್ಲಿಯೂ ಮೇಲಿನ ಮಣ್ಣು ಒಂದು ಕಡೆ ತುಸು ಮೇಲೇಳುತ್ತದೆ, ನೆಲಕ್ಕೆ ಇಳಿಜಾರು ಬರುತ್ತದೆ. ಆಮೇಲೆ ನದಿಯ ನೆರೆ ಬಂದಾಗಲೆಲ್ಲ ಮರಳು, ಕೆಸರು ತಗ್ಗಿನಲ್ಲಿ ಹೆಚ್ಚು ತುಂಬಿ, ಉಬ್ಬಿನ ಮೇಲೆ ತೆಳುವಾಗಿ ಕೂರುತ್ತದೆ. ನೂರಾರು ವರ್ಷಗಳಲ್ಲಿ ನೆಲ ಮತ್ತೆ ಸಮತಟ್ಟಾಗುತ್ತದೆ. ಮೇಲಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಆ ಮಟ್ಟಸ ಮಾಡಿದ ಪದರ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಾಗಿಲ್ಲದೆ, ಎರಡೂ ಕಡೆ ಸಮವಾಗಿ ದಪ್ಪವಿರುವ ಪದರ ಶಾಂತಕಾಲದ್ದು. ಬೆಲ್‌ಫ್ಲವರ್ ಎಂಬ ಉಪನಗರದ ರಸ್ತೆಯೊಂದರ ಉದ್ದಕ್ಕೆ ಸಾಲಾಗಿ ಕೊಳವೆ ಕೊರೆದು, ಮಣ್ಣಿನ ಕಂಬಗಳನ್ನು ಹೊರತೆಗೆದು, ಪದರಗಳನ್ನು ಒಂದಕ್ಕೊಂದು ಹೊಂದಿಸಿ, ಅವುಗಳಲ್ಲಿನ ಇದ್ದಿಲಿನಂಥ ಅವಶೇಷಗಳಿಂದ ವಯಸ್ಸು ತಿಳಿದರು. 2003ರಲ್ಲಿ ಪ್ರಕಟವಾದ ಉತ್ತರ ಇದು: ಕಳೆದ 11,000 ವರ್ಷಗಳಲ್ಲಿ ಕಡೇಪಕ್ಷ ನಾಲ್ಕು ಬಾರಿ, ಪ್ರತಿಸಲವೂ 7.2ರಿಂದ 7.5ರಷ್ಟು ಪ್ರಮಾಣ. ಕಾನೂನು ಸಕ್ರಿಯ ಎಂದು ಕರೆಯುವುದೂ ಅದೇ 11,000 ವರ್ಷದ ಲೆಕ್ಕದಲ್ಲಿ ಎಂಬುದನ್ನು ನೆನಪಿಸಿಕೊಳ್ಳಿ. ಅಷ್ಟರಲ್ಲಿ ನಾಲ್ಕು ಸಲ ಎದ್ದು ಕುಳಿತ ದೈತ್ಯನ ನೆತ್ತಿಯ ಮೇಲೆ ಮನೆ ಕಟ್ಟಲು, ತಲೆ ಹೊರಗೆ ಕಾಣಲಿಲ್ಲವೆಂಬ ಕಾರಣಕ್ಕೆ, ಆ ಕಾನೂನಿನ ಅಡ್ಡಿಯಿಲ್ಲ.

ಈ ಲೆಕ್ಕದ ಮೇಲೆ ಇನ್ನು ಇಷ್ಟು ವರ್ಷಕ್ಕೆ ಬರುತ್ತದೆ ಎಂದು ಹೇಳಬಹುದೇ ಎಂದು ಕೇಳಿದರೆ, ಹೇಳಲಾಗುವುದಿಲ್ಲ. ನಡುವಿನ ಅಂತರ ಸಾವಿರಾರು ವರ್ಷ. ನಾಳೆಯೂ ಆಗಬಹುದು, ನಮ್ಮ ಮರಿಮಕ್ಕಳ ಮರಿಮಕ್ಕಳ ಕಾಲಕ್ಕೂ ಆಗದಿರಬಹುದು. ತಾರೀಖು ಹೇಳುವವರು ಯಾರಾದರೂ ಇದ್ದರೆ ಅವರಿಂದ ದೂರವಿರಿ.

ಒತ್ತಡ ಕೂಡುತ್ತಿರುವುದನ್ನು ಮಾತ್ರ ಅಳೆಯಬಹುದು. ನಾರ್ತ್‌ರಿಡ್ಜ್ ನಂತರ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಉಪಗ್ರಹ ಸಂಕೇತಗಳಿಂದ ತಮ್ಮ ಸ್ಥಾನವನ್ನು ಮಿಲಿಮೀಟರ್ ಮಟ್ಟದಲ್ಲಿ ಗುರುತಿಸುವ ಸುಮಾರು 250 ನಿಲ್ದಾಣಗಳನ್ನು ಸ್ಥಾಪಿಸಿದರು. ಲಾಸ್ ಏಂಜಲೀಸ್ ಬಯಲಿನ ಉತ್ತರ ಭಾಗ ವರ್ಷಕ್ಕೆ 4ರಿಂದ 5 ಮಿಲಿಮೀಟರಿನಷ್ಟು ಕುಗ್ಗುತ್ತಿದೆಯೆಂದು ಅವುಗಳಿಂದ ತಿಳಿಯಿತು. ಅದೂ ಸುಲಭವಾಗಿ ತಿಳಿದದ್ದಲ್ಲ. ಅಲ್ಲಿ ನಗರಗಳು ಅಂತರ್ಜಲವನ್ನು ಬೇಸಗೆಯಲ್ಲಿ ಎತ್ತುತ್ತವೆ, ಮಳೆಗಾಲದಲ್ಲಿ ಮತ್ತೆ ತುಂಬಿಸುತ್ತವೆ. ಅದರೊಂದಿಗೆ ನೆಲವೂ ನಿದ್ರಿಸುವವನ ಎದೆಯಂತೆ ಹಲವು ಸೆಂಟಿಮೀಟರ್ ಏರಿಳಿಯುತ್ತದೆ. ಉಪಗ್ರಹದ ರೇಡಾರ್ ಚಿತ್ರಗಳಿಂದ ಈ ಉಸಿರಾಟವನ್ನು ಪತ್ತೆಹಚ್ಚಿ, ಅದನ್ನು ಕಳೆದ ಮೇಲೆಯೇ ಕೆಳಗಿನ ಬಂಡೆಯ ನಿಜವಾದ ನಡೆ ಸಿಕ್ಕಿತು.

ಪಟ್ಟಣದ ಗದ್ದಲವನ್ನು ಹಳಿಯುತ್ತಿದ್ದ ವಿಜ್ಞಾನಿಗಳು ಈಗ ಅದನ್ನೇ ಬಳಸಿಕೊಳ್ಳುತ್ತಾರೆ. ಸಮುದ್ರದ ಅಲೆ ದಡಕ್ಕೆ ಬಡಿಯುವುದರಿಂದಲೂ ವಾಹನಗಳ ಓಡಾಟದಿಂದಲೂ ನೆಲದಲ್ಲಿ ಸದಾ ಸಣ್ಣ ನಡುಕವಿರುತ್ತದೆ. ಎರಡು ಕಡೆ ಇಟ್ಟ ಮಾಪಕಗಳು ತಿಂಗಳುಗಟ್ಟಲೆ ಕೇಳಿಸಿಕೊಂಡದ್ದನ್ನು ಗಣಿತದಿಂದ ಹೋಲಿಸಿದರೆ, ಒಂದರಿಂದ ಇನ್ನೊಂದಕ್ಕೆ ಅಲೆ ಎಷ್ಟು ವೇಗವಾಗಿ ಹೋಗುತ್ತದೆಂದು ತಿಳಿಯುತ್ತದೆ. ವೇಗ ಬದಲಾದ ಕಡೆ ಶಿಲೆ ಬದಲಾಗಿದೆ. 2011ರಲ್ಲಿ ಲಾಂಗ್ ಬೀಚ್ ನಗರದಲ್ಲಿ 5,000ಕ್ಕೂ ಹೆಚ್ಚು ಪುಟ್ಟ ಮಾಪಕಗಳನ್ನು ಕೆಲವು ತಿಂಗಳ ಕಾಲ ನೆಟ್ಟಿದ್ದರು. ನೆಟ್ಟದ್ದು ಮತ್ತೆ ಎಣ್ಣೆಗಾಗಿಯೇ, ಲಾಭ ಮತ್ತೆ ಭೂಕಂಪ ವಿಜ್ಞಾನಕ್ಕೆ. ಪ್ಯಾಸಡೀನಾದಲ್ಲಿ ಕ್ಯಾಲ್‌ಟೆಕ್ ಸಂಸ್ಥೆಯವರು ಟೆಲಿಫೋನ್, ಇಂಟರ್‌ನೆಟ್ಟಿಗೆಂದು ರಸ್ತೆಯಡಿ ಹೂತು ಬಳಸದೆ ಬಿಟ್ಟಿದ್ದ ಗಾಜಿನೆಳೆಯ ತಂತಿಗೆ ಲೇಸರ್ ಬೆಳಕು ಹಾಯಿಸಿ, ತಂತಿಯ ಉದ್ದಕ್ಕೂ ಪ್ರತಿ ಕೆಲವು ಮೀಟರಿಗೆ ಒಂದು ಮಾಪಕವಿದ್ದಂತೆ ಮಾಡಿಕೊಂಡಿದ್ದಾರೆ. ನಮ್ಮ ಬೀದಿಗಳನ್ನು ವರ್ಷಕ್ಕೆ ಮೂರು ಸಲ ಅಗೆದು ಹೂಳುವ ತಂತಿಗಳನ್ನು ಕಂಡಾಗಲೆಲ್ಲ ನನಗೆ ಈ ವಿಷಯ ನೆನಪಾಗುತ್ತದೆ.

ಇಷ್ಟೆಲ್ಲ ಇದ್ದೂ ತಪ್ಪಿಸಿಕೊಳ್ಳುವುವು ತಪ್ಪಿಸಿಕೊಳ್ಳುತ್ತವೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನದಿಗಳು ತಂದು ಹಾಸಿದ ಜಲ್ಲಿಯ ಬಯಲಿನ ಅಂಚಿನಲ್ಲಿದೆ. 2010ರ ಸೆಪ್ಟೆಂಬರಿನಲ್ಲಿ ಆ ಬಯಲಿನಡಿ ಯಾರಿಗೂ ತಿಳಿಯದಿದ್ದ ಸ್ತರಭಂಗ ಜಾರಿ 7.1 ಪ್ರಮಾಣದ ಕಂಪನವಾಯಿತು. ಐದು ತಿಂಗಳ ಮೇಲೆ, 2011ರ ಫೆಬ್ರವರಿ 22ರ ಮಧ್ಯಾಹ್ನ, ನಗರದ ದಕ್ಷಿಣದಂಚಿನ ಕೆಳಗೆ ಅಡಗಿದ್ದ ಇನ್ನೊಂದು ಜಾರಿತು. ಪ್ರಮಾಣದಲ್ಲಿ ಅದು ಮೊದಲಿನದಕ್ಕಿಂತ ಬಹಳ ಚಿಕ್ಕದು. ಆದರೆ ಊರಿನ ಬುಡದಲ್ಲೇ ಇತ್ತು. 185 ಜನ ಸತ್ತರು.

ಊರಿನ ಬುಡದಲ್ಲಿರುವುದು ಎಂಬುದೇ ಪುವೆಂಟೆ ಹಿಲ್ಸ್ ಕುರಿತ ಭಯಕ್ಕೂ ಕಾರಣ. ಸ್ಯಾನ್ ಆಂಡ್ರಿಯಾಸ್ ಇನ್ನೂ ದೊಡ್ಡ ಭೂಕಂಪ ತರಬಲ್ಲದು, ಆದರೆ ಅದು ನಗರದ ನಡುಭಾಗದಿಂದ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರ. ಇದು ಕಾಲ ಕೆಳಗೆ. ಸಾಲದೆಂಬಂತೆ ಬಯಲಿನ ಕೆಲವೆಡೆ 9 ಕಿಲೋಮೀಟರ್ ದಪ್ಪಕ್ಕೆ ಮೆತ್ತನೆಯ ಪದರಗಳು ತುಂಬಿವೆ. ತಟ್ಟೆಯಲ್ಲಿಟ್ಟ ಗಿಣ್ಣು ತಟ್ಟೆ ಅಲುಗಿದರೆ ಹೇಗೆ ತುಳುಕಾಡುತ್ತದೋ ಹಾಗೆ ಅವು ಕಂಪನವನ್ನು ಹೆಚ್ಚಿಸುತ್ತವೆ. 2005ರಲ್ಲಿ ಅಲ್ಲಿನ ಭೂಕಂಪ ತಜ್ಞರು ಈ ಸ್ತರಭಂಗ ಪೂರ್ತಿ ಜಾರಿದರೆ ಏನಾದೀತೆಂದು ಲೆಕ್ಕ ಹಾಕಿದರು. ಸಾವು 3,000ದಿಂದ 18,000, ನಷ್ಟ 8,200 ಕೋಟಿಯಿಂದ 25,200 ಕೋಟಿ ಡಾಲರ್. ಕನಿಷ್ಠಕ್ಕೂ ಗರಿಷ್ಠಕ್ಕೂ ಇಷ್ಟು ಅಂತರವಿರುವುದನ್ನು ನೋಡಿ ನಗಬಾರದು. ಲೆಕ್ಕ ಹಾಕಿದವರು ತಮಗೆ ಎಷ್ಟು ಗೊತ್ತಿಲ್ಲವೆಂಬುದನ್ನೂ ಪ್ರಾಮಾಣಿಕವಾಗಿ ಹೇಳಿದ್ದಾರೆ.

ಸ್ತರಭಂಗವನ್ನು ಕಿತ್ತುಹಾಕಲು ಆಗುವುದಿಲ್ಲ, ನಗರವನ್ನು ಎತ್ತಿ ಬೇರೆಡೆ ಇಡಲೂ ಆಗುವುದಿಲ್ಲ. ಉಳಿದದ್ದು ಮನೆ. ನಾರ್ತ್‌ರಿಡ್ಜ್‌ನಲ್ಲಿ ಸತ್ತವರಲ್ಲಿ 16 ಮಂದಿ ಒಂದೇ ವಸತಿ ಸಮುಚ್ಚಯದವರು. ಮೂರು ಅಂತಸ್ತಿನ ಕಟ್ಟಡ. ಕೆಳ ಅಂತಸ್ತಿನಲ್ಲಿ ಕಾರು ನಿಲ್ಲಿಸುವುದಕ್ಕೆಂದು ಗೋಡೆಗಳನ್ನು ಬಿಟ್ಟು ಕಂಬಗಳ ಮೇಲೆ ನಿಲ್ಲಿಸಿದ್ದ ಭಾಗವಿತ್ತು. ಕಟ್ಟಡ ಪಕ್ಕಕ್ಕೆ ವಾಲಿ, ಮೇಲಿನ ಅಂತಸ್ತುಗಳು ಕೆಳಗಿನದರ ಮೇಲೆ ಕುಳಿತವು. ಇಂಥ ಕಟ್ಟಡಗಳನ್ನು ನಮ್ಮ ಬೆಂಗಳೂರು, ಹುಬ್ಬಳ್ಳಿಗಳಲ್ಲಿ ತಾವು ದಿನವೂ ನೋಡುತ್ತೀರಿ, ನಮ್ಮಲ್ಲಿ ಮರದ ಬದಲು ಕಾಂಕ್ರೀಟು ಅಷ್ಟೆ. ಅಂಥ ಸುಮಾರು 13,500 ಮರದ ಚೌಕಟ್ಟಿನ ಕಟ್ಟಡಗಳನ್ನು ಮಾಲೀಕರು ಕಡ್ಡಾಯವಾಗಿ ಬಲಪಡಿಸಬೇಕೆಂದು ಲಾಸ್ ಏಂಜಲೀಸ್ ನಗರಸಭೆ ಕಾನೂನು ಮಾಡಿತು. ಮಾಡಿದ್ದು 2015ರ ಅಕ್ಟೋಬರಿನಲ್ಲಿ, ನಾರ್ತ್‌ರಿಡ್ಜ್ ಆಗಿ ಇಪ್ಪತ್ತೊಂದು ವರ್ಷಗಳ ಮೇಲೆ. ಖರ್ಚು ಯಾರದು ಎಂಬ ಜಗಳವೂ ನಡೆಯಿತು. ಕೊನೆಗೆ ಅರ್ಧವನ್ನು ಮಾಲೀಕರೂ ಉಳಿದರ್ಧವನ್ನು ಬಾಡಿಗೆಯವರೂ ಭರಿಸಬೇಕೆಂದು, ಬಾಡಿಗೆಯವರಿಗೆ ತಿಂಗಳಿಗೆ ಹೆಚ್ಚೆಂದರೆ 38 ಡಾಲರ್ ಎಂದು ತೀರ್ಮಾನವಾಯಿತು. ಕಾಣದ ಸ್ತರಭಂಗವೊಂದು ಕೊನೆಗೆ ಕಾಣಿಸಿಕೊಂಡದ್ದು ಬಾಡಿಗೆ ಚೀಟಿಯಲ್ಲಿ.

ಕೊನೆಯದಾಗಿ, ಆ ಶಿಕ್ಷಕಿಯವರಿಗೂ ತರಗತಿಯಲ್ಲಿ ಇದನ್ನು ತೋರಿಸಬೇಕೆನ್ನುವ ಇತರ ಉಪಾಧ್ಯಾಯರಿಗೂ ಒಂದು ಪ್ರಯೋಗ. ನಾನು ನಮ್ಮ ಸ್ಟುಡಿಯೋದಲ್ಲಿ ಮಾಡಿ ನೋಡಿದ್ದೇನೆ. ಒಂದು ಹಳೆಯ ಮೀನಿನ ಗಾಜಿನ ತೊಟ್ಟಿ ತೆಗೆದುಕೊಳ್ಳಿ. ತಳದಲ್ಲಿ, ಒಂದು ಪಕ್ಕದ ಗೋಡೆಗೆ ತಾಗಿಸಿ, ಓರೆಯಾಗಿ ಕೊಯ್ದ ಮರದ ತುಂಡೊಂದನ್ನು ಇಟ್ಟು, ಅದರ ಹಿಂಬದಿಗೆ ಒಂದು ಕೋಲು ಕಟ್ಟಿ ಹೊರಗೆ ಬಿಡಿ. ಮೇಲೆ ಒದ್ದೆ ಮರಳನ್ನೂ ಬಣ್ಣದ ರಂಗೋಲಿ ಪುಡಿಯನ್ನೂ ಒಂದರ ಮೇಲೊಂದು ನಾಲ್ಕೈದು ಪದರ ಹಾಸಿ, ಗಾಜಿಗೆ ಹೊರಗಿನಿಂದ ಕಾಗದ ಅಂಟಿಸಿ. ಕೋಲನ್ನು ನಿಧಾನವಾಗಿ ಅರ್ಧ ಅಂಗುಲ ನೂಕಿ. ಮೇಲೆ ಸಣ್ಣ ಉಬ್ಬು ಏಳುತ್ತದೆ. ಉಬ್ಬಿನ ಪಕ್ಕದ ತಗ್ಗಿಗೆ ಮರಳು ಸುರಿದು ಮಟ್ಟಸ ಮಾಡಿ. ಇನ್ನೆರಡು ಸಲ ಹೀಗೆಯೇ ಮಾಡಿ. ಆಮೇಲೆ ಇದನ್ನೆಲ್ಲ ನೋಡದ ಮಕ್ಕಳನ್ನು ಒಳಕ್ಕೆ ಕರೆಯಿರಿ. ಎಳನೀರು ಕುಡಿಯುವ ಪಾರದರ್ಶಕ ಕೊಳವೆಗಳನ್ನು ಅವರ ಕೈಗೆ ಕೊಟ್ಟು, ಮರಳಿನಲ್ಲಿ ಸಾಲಾಗಿ ನೆಟ್ಟು ಮೇಲೆತ್ತಲು ಹೇಳಿ. ಕೊಳವೆಗಳನ್ನು ಪಕ್ಕಪಕ್ಕ ಇಟ್ಟು, ಬಣ್ಣಗಳ ದಪ್ಪವನ್ನು ಅಳತೆಪಟ್ಟಿಯಿಂದ ಅಳೆದು, ಮರದ ತುಂಡು ಎಲ್ಲಿದೆ, ಎಷ್ಟು ಸಲ ನೂಕಲಾಯಿತು ಎಂದು ಅವರೇ ಬರೆಯಲಿ. ಅದಾದ ಮೇಲೆ ಕಾಗದ ಕೀಳಿ. ಮರಳು ತೀರಾ ಒಣಗಿದ್ದರೆ ಕೊಳವೆಯಲ್ಲಿ ನಿಲ್ಲುವುದಿಲ್ಲ, ಒಂದು ಲೋಟ ನೀರನ್ನು ಹತ್ತಿರ ಇಟ್ಟುಕೊಂಡಿರಿ.